ಅಲ್ಪವಿರಾಮದ ಕಡತ

ದಾನ ಮಾಡಿದವರ ಹೆಸರನ್ನೂ ದಾನದ ಪ್ರಮಾಣವನ್ನೂ ಅಳಿಯದಂತೆ ಬರೆದಿಡುವ ಸಂಪ್ರದಾಯ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ಶಿಲೆಯ ಮೇಲೂ ತಾಮ್ರಪಟದ ಮೇಲೂ ಕೊರೆಯಿಸಿದ ದಾನಶಾಸನಗಳಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು, ಭೂಮಿಯ ಅಳತೆ, ಅದರ ಎಲ್ಲೆ, ಕಾಲ ಇವೆಲ್ಲವೂ ಬರುತ್ತವೆ. ಕೊನೆಯಲ್ಲಿ ಆ ಧರ್ಮವನ್ನು ಕೆಡಿಸಿದವರಿಗೆ ಶಾಪವೂ ಇರುವುದುಂಟು. ಆದರೆ ದಿನನಿತ್ಯದ ಲೆಕ್ಕಕ್ಕೆ ಶಿಲೆಯಾಗಲಿ ತಾಮ್ರವಾಗಲಿ ಒದಗದು. ಅದಕ್ಕಾಗಿ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಮಠಗಳೂ ವರ್ತಕರೂ ತಮ್ಮ ಲೆಕ್ಕಪತ್ರಗಳನ್ನು ಇಂಥ ಕಡತಗಳಲ್ಲಿಯೇ ಕಾದಿರಿಸುತ್ತಿದ್ದರು.

ಆ ಕರಿಯ ಬಟ್ಟೆ ಮರೆಯಾಗಿದ್ದರೂ ಅದರ ಹೆಸರು ಮರೆಯಾಗಿಲ್ಲ. ಕಚೇರಿಯ ಫೈಲಿಗೂ ಗಣಕಯಂತ್ರದೊಳಗಿನ ಫೈಲಿಗೂ ಕನ್ನಡದಲ್ಲಿ ಇಂದು ಕಡತವೆಂದೇ ಹೇಳುವ ರೂಢಿಯಿದೆ. ವಿದ್ಯಾಸಂಸ್ಥೆಗಳು ತಮ್ಮ ದಾಖಲಾತಿ ರಜಿಸ್ಟರುಗಳನ್ನೂ ದಾನಿಗಳ ಯಾದಿಯನ್ನೂ ಪ್ರಸಾದನಿಲಯದ ಜಮಾ-ಖರ್ಚನ್ನೂ ಗಣಕಯಂತ್ರಕ್ಕೆ ಒಪ್ಪಿಸುತ್ತಿರುವ ಈ ಕಾಲದಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಇಂದು ಬರೆದಿಟ್ಟದ್ದು ಐವತ್ತು ವರ್ಷಗಳ ಅನಂತರ ತೆರೆದವನಿಗೆ ಯಥಾವತ್ತಾಗಿ ಓದಬಂದೀತೆ? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಅತ್ಯಂತ ಸರಳವಾದುದು ಅಲ್ಪವಿರಾಮದ ಕಡತ. ಅದನ್ನು ಬರೆಯುವ ಕ್ರಮವೇನು, ಅದರಲ್ಲಿ ತಪ್ಪು ನುಸುಳುವುದು ಎಲ್ಲಿ, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಸ್ವರೂಪ ಮತ್ತು ಹಿನ್ನೆಲೆ

ರಜಿಸ್ಟರಿನ ಪುಟದಲ್ಲಿ ಕಲಮುಗಳನ್ನು ಬೇರ್ಪಡಿಸಲು ಕೆಂಪು ಮಸಿಯ ಗೆರೆಗಳನ್ನು ಎಳೆಯುವುದು ವಾಡಿಕೆ. ಆ ಗೆರೆಯ ಕೆಲಸವನ್ನು ಇಲ್ಲಿ ಅಲ್ಪವಿರಾಮ ಮಾಡುತ್ತದೆ. ರಜಿಸ್ಟರಿನ ಒಂದು ನಮೂದು ಕಡತದ ಒಂದು ಸಾಲಾಗುತ್ತದೆ. ಒಂದು ಕಲಮಿಗೂ ಮುಂದಿನ ಕಲಮಿಗೂ ನಡುವೆ ಒಂದು ಅಲ್ಪವಿರಾಮ ಬೀಳುತ್ತದೆ. ಮೊದಲನೆಯ ಸಾಲಿನಲ್ಲಿ ಕಲಮುಗಳ ಹೆಸರುಗಳಿರುತ್ತವೆ. ದಾನದ ಯಾದಿಯೊಂದನ್ನು ಹೀಗೆ ಬರೆಯಬಹುದು:

ರಶೀದಿ,ದಿನಾಂಕ,ದಾನಿ,ಊರು,ಮೊತ್ತ
0041,1984-06-14,ಹಳೆಯ ವಿದ್ಯಾರ್ಥಿಗಳು,ಗದಗ,5001
0042,1984-06-15,ಒಬ್ಬ ಹಿತೈಷಿ,ಬೈಲಹೊಂಗಲ,125000

ಇದರಲ್ಲಿ ಬಣ್ಣವಿಲ್ಲ, ದಪ್ಪಕ್ಷರವಿಲ್ಲ, ಸೂತ್ರಗಳಿಲ್ಲ, ಗುಪ್ತ ಸಂಕೇತಗಳಿಲ್ಲ. ಇದನ್ನು ಓದಲು ಯಾವ ಕಂಪನಿಯ ತಂತ್ರಾಂಶವನ್ನೂ ಕೊಳ್ಳಬೇಕಾಗಿಲ್ಲ. ಎಂಥ ಸಾಮಾನ್ಯ ಗಣಕಯಂತ್ರವಾದರೂ ತೆರೆದು ತೋರಿಸಬಲ್ಲುದು. ಕಾಗದದ ಮೇಲೆ ಅಚ್ಚು ಹಾಕಿದರೆ ಗಣಕಯಂತ್ರವನ್ನೇ ಕಾಣದವನೂ ಅರ್ಥ ಮಾಡಿಕೊಳ್ಳಬಲ್ಲನು. ಆಡಂಬರವಿಲ್ಲದಿರುವುದೇ ಇದರ ದೀರ್ಘಾಯುಷ್ಯದ ಗುಟ್ಟು. ತಂತ್ರಾಂಶಗಳು ಹುಟ್ಟುತ್ತವೆ, ಅಳಿಯುತ್ತವೆ; ಅವುಗಳೊಡನೆ ಅವು ಮಾತ್ರ ಓದಬಲ್ಲ ಕಡತಗಳೂ ಮೂಕವಾಗುತ್ತವೆ. ಬರಿಯ ಅಕ್ಷರ ಮತ್ತು ಅಲ್ಪವಿರಾಮಗಳಿಂದಾದ ಕಡತಕ್ಕೆ ಆ ಭಯವಿಲ್ಲ.

ಓಲೆಗರಿಯ ಕಾಲದ ಕನ್ನಡಕ್ಕೆ ಅಲ್ಪವಿರಾಮದ ಪರಿಚಯವಿರಲಿಲ್ಲ. ಅದು ಮುದ್ರಣಯಂತ್ರದೊಡನೆ ಬಂದ ಚಿಹ್ನೆ. ಗಣಕಯಂತ್ರಕ್ಕೆ ಅದು ಬಂದ ಬಗೆಯೂ ಸ್ವಾರಸ್ಯವಾಗಿದೆ. ಆರಂಭದ ಯಂತ್ರಗಳಿಗೆ ರಂಧ್ರ ಕೊರೆದ ಕಾರ್ಡುಗಳ ಮೂಲಕ ಅಂಕಿ-ಅಂಶಗಳನ್ನು ಒದಗಿಸುತ್ತಿದ್ದರು. ಪ್ರತಿಯೊಂದು ಸಂಖ್ಯೆಯೂ ಗೊತ್ತುಪಡಿಸಿದ ಸ್ಥಾನದಲ್ಲಿಯೇ ಇರಬೇಕಾಗಿತ್ತು; ಒಂದು ಸ್ಥಾನ ಆಚೀಚೆಯಾದರೂ ಲೆಕ್ಕ ಕೆಡುತ್ತಿತ್ತು. ಸಂಖ್ಯೆಗಳ ನಡುವೆ ಅಲ್ಪವಿರಾಮವನ್ನಿಟ್ಟರೆ ಈ ಕಟ್ಟು ಸಡಿಲವಾಗುವುದೆಂಬುದನ್ನು ಕಂಡುಕೊಂಡರು. 1972ರ ವೇಳೆಗೆ ಐಬಿಎಂ ಸಂಸ್ಥೆಯ ಫೋರ್ಟ್ರಾನ್ ಭಾಷೆಯಲ್ಲಿ ಈ ಸೌಲಭ್ಯವಿತ್ತು. ಆದರೂ ಬಹುಕಾಲ ಇದಕ್ಕೆ ಲಿಖಿತ ನಿಯಮವೊಂದಿರಲಿಲ್ಲ, ರೂಢಿಯೇ ನಿಯಮವಾಗಿತ್ತು. 2005ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 4180 ಎಂಬ ಪತ್ರ ಆ ರೂಢಿಗಳನ್ನು ಒಂದೆಡೆ ಸಂಗ್ರಹಿಸಿ ಕೊಟ್ಟಿತು.

ಒಂದು ಅಲ್ಪವಿರಾಮ ಮಾಡುವ ಅನರ್ಥ

ಇಷ್ಟು ಸರಳವಾದುದರಲ್ಲಿ ತೊಡಕೇನಿದೆ ಎಂದು ಕೇಳಬಹುದು. ತೊಡಕು ಅಲ್ಪವಿರಾಮದಲ್ಲಿಯೇ ಇದೆ. ಬೈಲಹೊಂಗಲದ ಹಿತೈಷಿಯೊಬ್ಬರು ಒಂದು ಲಕ್ಷ ಇಪ್ಪತ್ತೈದು ಸಾವಿರ ರೂಪಾಯಿಗಳನ್ನು ಕೊಟ್ಟರೆಂದು ಭಾವಿಸಬಹುದು. ರಶೀದಿ ಬರೆದ ಗುಮಾಸ್ತನು ರೂಢಿಯಂತೆ ಆ ಮೊತ್ತವನ್ನು 1,25,000 ಎಂದು ಬರೆದಿರುತ್ತಾನೆ. ಅದನ್ನೇ ಹಾಗೆಯೇ ಕಡತದಲ್ಲಿ ಬರೆದರೆ ಆ ಅಲ್ಪವಿರಾಮಗಳು ಅಂಕೆಗಳ ನಡುವಿನವೋ ಕಲಮುಗಳ ನಡುವಿನವೋ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಮೊತ್ತದ ಕಲಮಿನಲ್ಲಿ 1 ಮಾತ್ರ ಉಳಿದು, 25 ಮತ್ತು 000 ಎಂಬವು ಹೆಸರಿಲ್ಲದ ಮುಂದಿನ ಕಲಮುಗಳಿಗೆ ಜಾರುತ್ತವೆ. ವರ್ಷಾಂತ್ಯದಲ್ಲಿ ಕೂಡಿಸಿದಾಗ ಆ ಮಹನೀಯರ ದಾನ ಒಂದೇ ರೂಪಾಯಿಯಾಗಿರುತ್ತದೆ. ಯಂತ್ರ ದೂರುವುದಿಲ್ಲ, ಎಚ್ಚರಿಸುವುದೂ ಇಲ್ಲ.

ದಾನಿಯ ಹೆಸರಿನೊಡನೆ ‘ನಿವೃತ್ತ ಶಿಕ್ಷಕರು’ ಎಂದು ಸೇರಿಸಿ ನಡುವೆ ಅಲ್ಪವಿರಾಮವಿಟ್ಟರೂ ಇದೇ ಗತಿ. ಆಗ ಉದ್ಯೋಗ ಊರಿನ ಕಲಮಿಗೆ ಬರುತ್ತದೆ, ಊರು ಮೊತ್ತದ ಕಲಮಿಗೆ ಬರುತ್ತದೆ. ವಿಳಾಸಗಳಂತೂ ಅಲ್ಪವಿರಾಮವಿಲ್ಲದೆ ಇರುವುದೇ ಅಪರೂಪ.

ಇದಕ್ಕೆ ಪರಿಹಾರವಾಗಿ ಒಂದು ನಿಯಮವಿದೆ. ಯಾವ ಕಲಮಿನ ಒಳಗೆ ಅಲ್ಪವಿರಾಮ ಬರುವುದೋ ಆ ಕಲಮನ್ನು ಇಮ್ಮಡಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು:

0042,1984-06-15,"ಒಬ್ಬ ಹಿತೈಷಿ, ನಿವೃತ್ತ ಶಿಕ್ಷಕರು",ಬೈಲಹೊಂಗಲ,"1,25,000"

ಚಿಹ್ನೆಗಳ ಒಳಗಿನ ಅಲ್ಪವಿರಾಮ ಕೇವಲ ಅಕ್ಷರವಾಗಿ ಉಳಿಯುತ್ತದೆ, ಹೊರಗಿನದು ಗೆರೆಯಾಗುತ್ತದೆ. ಕಲಮಿನ ಒಳಗೇ ಉದ್ಧರಣ ಚಿಹ್ನೆ ಬಂದರೆ ಅದನ್ನು ಎರಡು ಸಲ ಬರೆಯಬೇಕು. ಎರಡು ಸಾಲಿನ ವಿಳಾಸವಿದ್ದರೆ ಅದನ್ನೂ ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಮೊತ್ತದ ವಿಷಯದಲ್ಲಿ ಇನ್ನೂ ಸುರಕ್ಷಿತವಾದ ಮಾರ್ಗವೆಂದರೆ ಅಲ್ಪವಿರಾಮಗಳನ್ನೇ ಬಿಟ್ಟು 125000 ಎಂದು ಬರೆಯುವುದು. ಏಕೆಂದರೆ ಉದ್ಧರಣ ಚಿಹ್ನೆಯೊಳಗಿನ 1,25,000 ಎಂಬುದು ಕಲಮನ್ನು ಕೆಡಿಸದಿದ್ದರೂ ಕೂಡಿಸುವ ಸಂಖ್ಯೆಯಾಗಿ ಒದಗದೆ ಹೋಗಬಹುದು.

ಪೈಥಾನ್ ಭಾಷೆಯ ನೆರವು

ಸಾವಿರಾರು ಸಾಲುಗಳಲ್ಲಿ ಈ ನಿಯಮಗಳನ್ನು ಕೈಯಿಂದ ಪಾಲಿಸುವುದು ಶ್ರಮದ ಕೆಲಸ. ಶ್ರಮವಿದ್ದಲ್ಲಿ ತಪ್ಪು ಸಹಜ. ಅದಕ್ಕಾಗಿ ಈ ಕಾರ್ಯವನ್ನು ಒಂದು ಸ್ಕ್ರಿಪ್ಟ್ ಭಾಷೆಗೆ ವಹಿಸುವುದು ಉಚಿತ. ಆದೇಶಗಳನ್ನು ಸಾಲುಸಾಲಾಗಿ ಬರೆದು, ಬರೆದ ಕ್ರಮದಲ್ಲಿಯೇ ಯಂತ್ರದಿಂದ ನಡೆಯಿಸುವ ಭಾಷೆಗಳಿಗೆ ಈ ಹೆಸರು ಸಲ್ಲುತ್ತದೆ. ಅವುಗಳಲ್ಲಿ ಪೈಥಾನ್ ಬಹು ಪ್ರಸಿದ್ಧವಾದುದು. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರೊಸಮ್ ಅದನ್ನು 1991ರಲ್ಲಿ ಹೊರತಂದನು. ಅದು ಉಚಿತವಾಗಿ ದೊರೆಯುತ್ತದೆ. 2003ರಲ್ಲಿ ಬಂದ ಅದರ 2.3ನೆಯ ಆವೃತ್ತಿಯಿಂದ ಸಿಎಸ್‌ವಿ ಎಂಬ ಉಪಕರಣವೊಂದು ಅದರೊಡನೆಯೇ ಬರುತ್ತಿದೆ. ಅಲ್ಪವಿರಾಮದ ಕಡತಗಳನ್ನು ಬರೆಯುವುದು ಮತ್ತು ಓದುವುದು ಇದರ ಕೆಲಸ.

ಕಾರ್ಯಕ್ರಮ ನಾಲ್ಕು ಹೆಜ್ಜೆಗಳದು. ಮೊದಲು ಸಿಎಸ್‌ವಿ ಉಪಕರಣವನ್ನು ಕರೆಯಿಸಿಕೊಳ್ಳಬೇಕು. ಎರಡನೆಯದಾಗಿ ‘ಓಪನ್’ ಎಂಬ ಆದೇಶದಿಂದ ಕಡತವನ್ನು ತೆರೆಯಬೇಕು. ಮೂರನೆಯದಾಗಿ ‘ರೈಟರ್’ ಎಂಬ ಬರಹಗಾರನನ್ನು ಆ ಕಡತಕ್ಕೆ ನೇಮಿಸಬೇಕು. ನಾಲ್ಕನೆಯದಾಗಿ ‘ರೈಟ್‌ರೋ’ ಎಂಬ ಆದೇಶದಿಂದ ಒಂದೊಂದೇ ಸಾಲನ್ನು, ಇಲ್ಲವೆ ‘ರೈಟ್‌ರೋಸ್’ ಎಂಬ ಆದೇಶದಿಂದ ಎಲ್ಲ ಸಾಲುಗಳನ್ನೂ ಒಟ್ಟಿಗೆ ಬರೆಯಿಸಬೇಕು. ಉದ್ಧರಣ ಚಿಹ್ನೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಆ ಬರಹಗಾರನೇ ತೀರ್ಮಾನಿಸುತ್ತಾನೆ.

ಆದರೂ ಕೆಲವು ಕಡೆ ಮನುಷ್ಯನ ಎಚ್ಚರವೇ ಬೇಕಾಗುತ್ತದೆ. ಕಡತವನ್ನು ತೆರೆಯುವಲ್ಲಿ ಮೂರು ವಿಧಗಳಿವೆ. ‘ಡಬ್ಲ್ಯು’ ಎಂಬ ಸಂಕೇತದಿಂದ ತೆರೆದರೆ ಹಿಂದೆ ಇದ್ದುದೆಲ್ಲ ಅಳಿದು ಹೊಸದಾಗಿ ಆರಂಭವಾಗುತ್ತದೆ. ‘ಎ’ ಎಂಬುದರಿಂದ ತೆರೆದರೆ ಹಿಂದಿನದು ಉಳಿದು ಹೊಸ ಸಾಲುಗಳು ಕೊನೆಗೆ ಸೇರುತ್ತವೆ. ‘ಎಕ್ಸ್’ ಎಂಬುದರಿಂದ ತೆರೆದರೆ ಆ ಹೆಸರಿನ ಕಡತ ಮೊದಲೇ ಇದ್ದಲ್ಲಿ ಯಂತ್ರ ಬರೆಯಲು ನಿರಾಕರಿಸುತ್ತದೆ. ಸಂಸ್ಥೆಯ ಮೂಲ ದಾಖಲೆಗಳ ವಿಷಯದಲ್ಲಿ ಮೂರನೆಯದೇ ಕ್ಷೇಮಕರ. ಒಂದು ಅಕ್ಷರದ ಅಜಾಗ್ರತೆಯಿಂದ ಹತ್ತು ವರ್ಷಗಳ ಯಾದಿ ಒಂದು ಕ್ಷಣದಲ್ಲಿ ಬರಿದಾಗಬಾರದಷ್ಟೆ.

ತೆರೆಯುವಾಗ ‘ನ್ಯೂಲೈನ್’ ಎಂಬ ಸೂಚನೆಯನ್ನು ಬರಿದಾಗಿ ಕೊಡಬೇಕೆಂಬುದು ಇನ್ನೊಂದು ನಿಯಮ. ಬರಹಗಾರನು ಸಾಲಿನ ಕೊನೆಯ ಗುರುತನ್ನು ತಾನೇ ಹಾಕುತ್ತಾನೆ. ಈ ಸೂಚನೆಯಿಲ್ಲದಿದ್ದರೆ ವಿಂಡೋಸ್ ಯಂತ್ರಗಳಲ್ಲಿ ಆ ಗುರುತಿಗೆ ಮತ್ತೊಂದು ಸೇರಿ, ಪ್ರತಿ ಎರಡು ಸಾಲುಗಳ ನಡುವೆ ಒಂದು ಖಾಲಿ ಸಾಲು ಕಾಣಿಸಿಕೊಳ್ಳುತ್ತದೆ. ಕಡತವನ್ನು ತೆರೆಯುವ ಆದೇಶವನ್ನು ‘ವಿತ್’ ಎಂಬ ಪದದಿಂದ ಆರಂಭಿಸುವುದೂ ಒಳ್ಳೆಯ ಅಭ್ಯಾಸ. ಬರೆದುದೆಲ್ಲ ಕೂಡಲೇ ಕಡತವನ್ನು ಸೇರುವುದಿಲ್ಲ. ಸ್ವಲ್ಪ ಹೊತ್ತು ಯಂತ್ರದ ಸ್ಮೃತಿಯಲ್ಲಿರುತ್ತದೆ. ‘ವಿತ್’ ಇದ್ದಲ್ಲಿ ಕೆಲಸ ಮುಗಿಯುತ್ತಲೇ ಕಡತ ತಾನಾಗಿ ಮುಚ್ಚಿಕೊಂಡು ಕೊನೆಯ ಸಾಲೂ ಅದರೊಳಗೆ ಸೇರುತ್ತದೆ.

ಹೊಸಬರು ಮಾಡುವ ತಪ್ಪೊಂದು ಕನ್ನಡದಲ್ಲಿ ವಿಶೇಷವಾಗಿ ಎದ್ದು ಕಾಣುತ್ತದೆ. ‘ರೈಟ್‌ರೋ’ ಆದೇಶಕ್ಕೆ ಕಲಮುಗಳ ಪಟ್ಟಿಯನ್ನು ಕೊಡಬೇಕು. ಪಟ್ಟಿಯ ಬದಲು ‘ಗದಗ’ ಎಂಬ ಪದವನ್ನೇ ಕೊಟ್ಟರೆ ಯಂತ್ರ ಅಕ್ಷರಕ್ಕೊಂದರಂತೆ ಮೂರು ಕಲಮುಗಳನ್ನು ಬರೆದುಬಿಡುತ್ತದೆ. ‘ಧಾರವಾಡ’ ಎಂದು ಕೊಟ್ಟರೆ ನಾಲ್ಕಕ್ಷರಗಳು ಆರು ಕಲಮುಗಳಾಗುತ್ತವೆ. ದೀರ್ಘದ ಚಿಹ್ನೆಗಳು ತಮ್ಮ ವ್ಯಂಜನಗಳಿಂದ ಕಳಚಿ ಬೇರೆ ಬೇರೆ ಮನೆಗಳಲ್ಲಿ ಕುಳಿತಿರುತ್ತವೆ.

ಕಲಮುಗಳು ಹೆಚ್ಚಾದಾಗ ‘ಡಿಕ್ಟ್‌ರೈಟರ್’ ಎಂಬ ಮತ್ತೊಬ್ಬ ಬರಹಗಾರನ ನೆರವು ಪಡೆಯಬಹುದು. ಇವನಿಗೆ ಮೊದಲು ಕಲಮುಗಳ ಹೆಸರುಗಳನ್ನು ತಿಳಿಸಿ, ಅನಂತರ ‘ಊರು ಇಂಥದು, ಮೊತ್ತ ಇಷ್ಟು’ ಎಂದು ಹೆಸರು ಹಿಡಿದು ಹೇಳಿದರಾಯಿತು. ಯಾವ ಕ್ರಮದಲ್ಲಿ ಹೇಳಿದರೂ ಸರಿಯಾದ ಕಲಮಿನಲ್ಲಿಯೇ ಬರೆಯುತ್ತಾನೆ. ತಾನು ಅರಿಯದ ಕಲಮಿನ ಹೆಸರು ಬಂದರೆ ಬರೆಯುವುದನ್ನು ನಿಲ್ಲಿಸಿ ದೋಷವನ್ನು ತಿಳಿಸುತ್ತಾನೆ. ಆದರೆ ಹೇಳದೆ ಬಿಟ್ಟ ಕಲಮನ್ನು ಮಾತ್ರ ಮೌನವಾಗಿ ಖಾಲಿ ಬಿಡುತ್ತಾನೆಂಬುದನ್ನು ನೆನಪಿನಲ್ಲಿಡಬೇಕು.

ಕನ್ನಡ ಅಕ್ಷರಗಳ ಪ್ರಶ್ನೆ

ಗಣಕಯಂತ್ರದೊಳಗೆ ಅಕ್ಷರಗಳಿಲ್ಲ, ಸಂಖ್ಯೆಗಳು ಮಾತ್ರ ಇರುತ್ತವೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದ ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಒಬ್ಬರು ಬರೆದುದನ್ನು ಇನ್ನೊಬ್ಬರು ಓದಬಲ್ಲರು. ಹಿಂದೆ ಕನ್ನಡದ ಹಲವು ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಆ ವಿನ್ಯಾಸ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತಿತ್ತು. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಅಲ್ಪವಿರಾಮದ ಕಡತದಲ್ಲಿ ಅಕ್ಷರವಿನ್ಯಾಸದ ಸುಳಿವೇ ಉಳಿಯುವುದಿಲ್ಲವಾದುದರಿಂದ ಅಂಥ ಹಳೆಯ ಬರೆಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಅದರಲ್ಲಿ ಬರೆಯಿಸಬಾರದು.

ಯೂನಿಕೋಡ್ ಎಂಬುದು ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಒಪ್ಪಂದ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆಯುವ ವಿಧಾನಗಳಲ್ಲಿ ಯುಟಿಎಫ್-8 ಸರ್ವತ್ರ ಬಳಕೆಯಲ್ಲಿದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅದನ್ನು ರೂಪಿಸಿದರು. ಅದರಂತೆ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ಗದಗ’ ಎಂಬುದಕ್ಕೆ ಒಂಬತ್ತು ಬೈಟುಗಳು. ಪೈಥಾನಿನಲ್ಲಿ ಕಡತವನ್ನು ತೆರೆಯುವಾಗ ಈ ವಿಧಾನವನ್ನು ಹೆಸರಿಸಿಯೇ ತೆರೆಯಬೇಕು. ಯಂತ್ರದ ಊಹೆಗೆ ಬಿಟ್ಟರೆ ಒಂದು ಯಂತ್ರದಲ್ಲಿ ನಡೆದುದು ಇನ್ನೊಂದರಲ್ಲಿ ನಡೆಯದೆ ಹೋಗಬಹುದು. ಎಕ್ಸೆಲ್ ತಂತ್ರಾಂಶದಲ್ಲಿ ನೇರವಾಗಿ ತೆರೆದಾಗ ಕನ್ನಡ ಕೆಟ್ಟು ಕಂಡರೆ ‘ಯುಟಿಎಫ್-8-ಸಿಗ್’ ಎಂಬ ವಿಧಾನದಿಂದ ಬರೆಯಿಸಬಹುದು. ಅದು ಕಡತದ ಆದಿಯಲ್ಲಿ ಮೂರು ಬೈಟುಗಳ ಗುರುತೊಂದನ್ನು ಇಡುತ್ತದೆ. ಆ ಗುರುತಿನಿಂದ ಎಕ್ಸೆಲ್ ಲಿಪಿಯನ್ನು ಸರಿಯಾಗಿ ಗ್ರಹಿಸುತ್ತದೆ.

ತೆರೆದು ನೋಡುವಲ್ಲಿನ ಅಪಾಯ

ಸರಿಯಾಗಿ ಬರೆದ ಕಡತವೂ ತೆರೆದು ನೋಡುವಾಗ ಕೆಡಬಹುದೆಂಬುದು ಹಲವರಿಗೆ ಗೊತ್ತಿರುವುದಿಲ್ಲ. ಅಲ್ಪವಿರಾಮದ ಕಡತದಲ್ಲಿ ಇರುವುದೆಲ್ಲ ಬರಿಯ ಅಕ್ಷರ. ಯಾವುದು ಸಂಖ್ಯೆ, ಯಾವುದು ದಿನಾಂಕ ಎಂಬುದನ್ನು ತೆರೆದ ತಂತ್ರಾಂಶ ತಾನೇ ಊಹಿಸುತ್ತದೆ. 0042 ಎಂಬ ರಶೀದಿಯನ್ನು ಅದು ಸಂಖ್ಯೆಯೆಂದು ಬಗೆದು 42 ಎಂದು ತೋರಿಸುತ್ತದೆ. ಹಾಗೆಯೇ ಉಳಿಸಿದರೆ ಸೊನ್ನೆಗಳು ಶಾಶ್ವತವಾಗಿ ಹೋಗುತ್ತವೆ. 1900ಕ್ಕಿಂತ ಹಿಂದಿನ ದಿನಾಂಕಗಳನ್ನು ಎಕ್ಸೆಲ್ ದಿನಾಂಕಗಳೆಂದು ಗುರುತಿಸುವುದೇ ಇಲ್ಲ. ಶತಮಾನ ಕಂಡ ಸಂಸ್ಥೆಗಳ ಹಳೆಯ ರಜಿಸ್ಟರುಗಳನ್ನು ಬರೆಯುವವರು ಇದನ್ನು ಗಮನಿಸಬೇಕು.

ದಿನಾಂಕದ ವಿಷಯ ಇನ್ನೂ ಸೂಕ್ಷ್ಮವಾದುದು. ಹಳ್ಳಿಗಳಲ್ಲಿ ಹುಟ್ಟಿದ ದಿನವನ್ನು ಬರೆದಿಡುವ ರೂಢಿ ಇಲ್ಲದ ಕಾಲದಲ್ಲಿ, ಮಗುವನ್ನು ಶಾಲೆಗೆ ಸೇರಿಸುವಾಗ ಗುರುಗಳು ವಯಸ್ಸನ್ನು ಅಂದಾಜು ಮಾಡಿ ಜೂನ್ 1 ಎಂದು ಬರೆಯುತ್ತಿದ್ದುದು ಸರ್ವವಿದಿತ. 1-6-1958 ಎಂಬ ನಮೂದನ್ನು ಈ ನಾಡಿನ ಶಿಕ್ಷಕರು ಜೂನ್ 1 ಎಂದು ಓದುತ್ತಾರೆ. ಅಮೆರಿಕದ ರೂಢಿಗೆ ಹೊಂದಿಸಿದ ಯಂತ್ರ ಅದನ್ನೇ ಜನವರಿ 6 ಎಂದು ಓದುತ್ತದೆ. ಇದು ಕೇವಲ ಲೇಖನದೋಷವಲ್ಲ. ರಾಜ್ಯ ಸರಕಾರದ ನೌಕರನು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ತಿಂಗಳ ಮೊದಲನೆಯ ದಿನವೇ ಹುಟ್ಟಿದವನಾದರೆ ಹಿಂದಿನ ತಿಂಗಳ ಕೊನೆಯ ದಿನ. ಅದರಂತೆ ಮೇಲಿನ ನೌಕರನ ನಿವೃತ್ತಿ 2018ರ ಮೇ 31ರಂದು. ಜನವರಿ 6 ಎಂದಾದರೆ ಜನವರಿ 31ಕ್ಕೇ ಸೇವೆ ಮುಗಿಯುತ್ತದೆ. ಶಾಲೆಯ ದಾಖಲೆಯಲ್ಲಿ ತಿಂಗಳು-ದಿನಗಳು ಅದಲುಬದಲಾದರೆ ಒಂದು ಸಂಸಾರ ನಾಲ್ಕು ತಿಂಗಳ ಸಂಬಳವನ್ನು ಕಳೆದುಕೊಳ್ಳುವ ಪ್ರಸಂಗ ಬರಬಹುದು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 1958-06-01 ಎಂದು ಬರೆದರೆ ಈ ಸಂದೇಹಕ್ಕೆ ಅವಕಾಶವಿಲ್ಲ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೇ. ಪೈಥಾನಿನ ದಿನಾಂಕಗಳೂ ಈ ರೂಪದಲ್ಲಿಯೇ ಹೊರಬರುತ್ತವೆ.

ಇಂಥ ಪ್ರಮಾದಗಳು ದೊಡ್ಡ ಸಂಸ್ಥೆಗಳನ್ನೂ ಬಿಟ್ಟಿಲ್ಲ. ಸೆಪ್ಟ್2 ಎಂಬ ವಂಶವಾಹಿಯ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಎಂದು ಬದಲಾಯಿಸುತ್ತಿತ್ತು. ವಂಶವಾಹಿಗಳ ಯಾದಿಯನ್ನು ಎಕ್ಸೆಲ್‌ನಲ್ಲಿ ಒದಗಿಸಿದ್ದ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಂಥ ದೋಷಗಳಿಂದ ಕೂಡಿತ್ತೆಂದು 2016ರ ಪರಿಶೀಲನೆಯೊಂದು ತೋರಿಸಿತು. ಕೊನೆಗೆ 2020ರಲ್ಲಿ ಆ ವಂಶವಾಹಿಗಳ ಹೆಸರುಗಳನ್ನೇ ಬದಲಾಯಿಸಬೇಕಾಗಿ ಬಂದಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದುದು ಇನ್ನೂ ಗಂಭೀರವಾದುದು. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಶಾಲೆಗಳಿಂದ ಅಲ್ಪವಿರಾಮದ ಕಡತಗಳಲ್ಲಿ ಬರುತ್ತಿದ್ದವು. ಅವನ್ನು ಎಕ್ಸೆಲ್‌ನ ಹಳೆಯ ರೂಪಕ್ಕೆ ತುಂಬಲಾಗುತ್ತಿತ್ತು. ಆ ಹಳೆಯ ರೂಪದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕವು ಸದ್ದಿಲ್ಲದೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಅವಧಿಯಲ್ಲಿ 15,841 ಸೋಂಕಿತರು ದೈನಂದಿನ ಲೆಕ್ಕದಿಂದ ಬಿಟ್ಟುಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವ ಕೆಲಸ ಅಷ್ಟರಮಟ್ಟಿಗೆ ತಡವಾಯಿತು. ದೋಷ ಅಲ್ಪವಿರಾಮದ ಕಡತದ್ದಾಗಿರಲಿಲ್ಲ. ಕಳುಹಿಸಿದ ಸಾಲುಗಳೆಷ್ಟು, ಸೇರಿದ ಸಾಲುಗಳೆಷ್ಟು ಎಂದು ತಾಳೆ ನೋಡದಿದ್ದುದೇ ಅನರ್ಥಕ್ಕೆ ಕಾರಣವಾಯಿತು.

ತಾಳೆ ನೋಡುವ ಧರ್ಮ

ಕಿರ್ದಿ-ಖಾತೆಗಳನ್ನು ಬರೆಯುತ್ತಿದ್ದ ಹಿಂದಿನ ಕರಣಿಕರು ಪುಟದ ಕೊನೆಯಲ್ಲಿ ಮೊತ್ತ ಹಾಕಿ, ಮುಂದಿನ ಪುಟದ ಆದಿಯಲ್ಲಿ ಅದನ್ನು ಮತ್ತೆ ಬರೆಯುತ್ತಿದ್ದರು. ಅಲ್ಪವಿರಾಮದ ಕಡತಕ್ಕೂ ಅದೇ ಶಿಸ್ತು ಬೇಕು. ಬರೆದು ಮುಗಿಸಿದ ಕೂಡಲೇ ಅದೇ ಪೈಥಾನಿನಿಂದ ಕಡತವನ್ನು ಹಿಂದಕ್ಕೆ ಓದಿಸಬೇಕು. ರಜಿಸ್ಟರಿನ ನಮೂದುಗಳ ಸಂಖ್ಯೆಯೂ, ಕಲಮುಗಳ ಹೆಸರುಗಳಿರುವ ಮೊದಲನೆಯ ಸಾಲನ್ನು ಬಿಟ್ಟು ಕಡತದ ಸಾಲುಗಳ ಸಂಖ್ಯೆಯೂ ಒಂದೇ ಆಗಿರಬೇಕು. ಪ್ರತಿಯೊಂದು ಸಾಲಿನಲ್ಲಿಯೂ ಕಲಮುಗಳು ಸಮವಾಗಿರಬೇಕು. ಮೊತ್ತಗಳ ಕೂಡಿಕೆ ರಶೀದಿ ಪುಸ್ತಕದ ಕೂಡಿಕೆಗೆ ಸರಿಹೊಂದಬೇಕು. ಈ ಮೂರು ಪರೀಕ್ಷೆಗಳಲ್ಲಿ ಒಂದರಲ್ಲಿ ತಪ್ಪಿದರೂ ಕಡತವನ್ನು ಅಂಗೀಕರಿಸಬಾರದು. ಕಡತದ ಜೊತೆಯಲ್ಲಿ ಒಂದು ಹಾಳೆಯಷ್ಟು ವಿವರಣೆಯಿರಲಿ: ಯಾವ ಕಲಮಿನ ಅರ್ಥವೇನು, ಯಾವ ರಜಿಸ್ಟರಿನಿಂದ ಯಾವಾಗ ಬರೆದುದು, ಲಿಪಿಯ ವಿಧಾನ ಯಾವುದು ಎಂಬುದು. ಪ್ರತಿಗಳು ಒಂದಕ್ಕಿಂತ ಹೆಚ್ಚಾಗಿದ್ದು ಬೇರೆ ಬೇರೆ ಸ್ಥಳಗಳಲ್ಲಿರಲಿ. ಮೂಲ ರಜಿಸ್ಟರನ್ನಂತೂ ಎಂದಿಗೂ ರದ್ದಿಗೆ ಹಾಕಬಾರದು.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿ ಸೇರಿ ಭಂಡಾರಿಗಳಾದರೆಂದು ಪರಂಪರೆ ಹೇಳುತ್ತದೆ. ಸಮಾಜದ ಸಂಪತ್ತಿನ ಲೆಕ್ಕವನ್ನು ಕೈಶುದ್ಧಿಯಿಂದ ಬರೆಯುವುದೂ ಒಂದು ಕಾಯಕವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ದಾಸೋಹಕ್ಕೆ ಒಂದು ಚೀಲ ಜೋಳ ಕೊಟ್ಟ ಒಕ್ಕಲಿಗನ ಹೆಸರೂ, ಒಂದು ಲಕ್ಷ ರೂಪಾಯಿ ಕೊಟ್ಟ ವರ್ತಕನ ಹೆಸರೂ ಅಲ್ಪವಿರಾಮದ ಕಡತದಲ್ಲಿ ಒಂದೊಂದೇ ಸಾಲನ್ನು ಪಡೆಯುತ್ತವೆ; ಎರಡಕ್ಕೂ ಅಲ್ಲಿ ಒಂದೇ ಅಳತೆಯ ಅಕ್ಷರ. ಪ್ರಾಚೀನರು ದಾನಶಾಸನವನ್ನು ಶಾಪದ ಬೇಲಿಯಿಂದ ಕಾಯಲು ನೋಡಿದರು. ಗಣಕಯಂತ್ರದ ಕಡತಕ್ಕೆ ಶಾಪ ತಾಗದು. ಅದನ್ನು ಕಾಯಬೇಕಾದುದು ಬರೆಯುವವನ ಎಚ್ಚರ ಮತ್ತು ಬರೆದ ಅನಂತರ ಅವನು ಮಾಡುವ ಎಣಿಕೆ.